ವೃತ್ತಿಪರ ಹಾಕಿ ತಂಡಗಳ ಸ್ಥಳಾಂತರ

ವೃತ್ತಿಪರ ಹಾಕಿ ತಂಡಗಳ ಸ್ಥಳಾಂತರ ಎಂದರೆ ಒಂದು ನಗರದ ಹೆಸರಿನಲ್ಲಿ, ಅಲ್ಲಿನ ಕ್ರೀಡಾಂಗಣವನ್ನು ತವರು ಅಂಗಣವಾಗಿಸಿಕೊಂಡು ಆಡುತ್ತಿದ್ದ ತಂಡವು ಆ ನಗರವನ್ನು ತೊರೆದು ಬೇರೊಂದು ನಗರದಲ್ಲಿ ನೆಲೆಸುವ ಕ್ರಿಯೆ. ಸಾಮಾನ್ಯವಾಗಿ ತಂಡದ ಆರ್ಥಿಕ ನಷ್ಟ, ಮಾಲೀಕತ್ವದ ಬದಲಾವಣೆ ಅಥವಾ ಕ್ರೀಡಾಂಗಣದ ಗುತ್ತಿಗೆಗೆ ಸಂಬಂಧಿಸಿದ ವಿವಾದಗಳು ಇದಕ್ಕೆ ಕಾರಣವಾಗುತ್ತವೆ. ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿ ಇಂತಹ ಸ್ಥಳಾಂತರಗಳು ಹಲವು ಬಾರಿ ನಡೆದಿವೆ. ಅಮೆರಿಕದ ಅರಿಜೋನಾ ರಾಜ್ಯದ ಕಯೋಟೀಸ್ ತಂಡದ ಪ್ರಕರಣವು ಅವುಗಳಲ್ಲಿ ಅತ್ಯಂತ ದೀರ್ಘಕಾಲ ನಡೆದ ಪ್ರಕರಣಗಳಲ್ಲೊಂದು. ಭಾರತದ ಮೈದಾನ ಹಾಕಿಯಲ್ಲಿ ತಂಡಗಳು ಊರು ಬದಲಿಸಿದ್ದಕ್ಕಿಂತ ಲೀಗ್‌ನೊಡನೆಯೇ ಕಣ್ಮರೆಯಾದದ್ದು ಹೆಚ್ಚು. ಕರ್ನಾಟಕದ ಎರಡು ವೃತ್ತಿಪರ ಹಾಕಿ ತಂಡಗಳು ಈ ರೀತಿಯಲ್ಲಿಯೇ ಇಲ್ಲವಾದವು.

ಫ್ರಾಂಚೈಸಿ ಪದ್ಧತಿ

ಹಳೆಯ ಕ್ರೀಡಾ ಸಂಘಗಳು ಒಂದು ಊರಿನ ಸದಸ್ಯರಿಂದ ಹುಟ್ಟಿ, ಆ ಊರಿನಲ್ಲಿಯೇ ಬೆಳೆದಂಥವು. ಫ್ರಾಂಚೈಸಿ ಪದ್ಧತಿಯು ಇದಕ್ಕಿಂತ ಭಿನ್ನ. ಇಲ್ಲಿ ಲೀಗ್ ಎಂಬ ಸಂಸ್ಥೆಯು ಒಂದು ನಿರ್ದಿಷ್ಟ ಪ್ರದೇಶದಲ್ಲಿ ತಂಡ ನಡೆಸುವ ಹಕ್ಕನ್ನು ಮಾಲೀಕನಿಗೆ ಹಣಕ್ಕೆ ನೀಡುತ್ತದೆ. ಆಟಗಾರರ ವೇತನ, ಪ್ರಯಾಣ, ತರಬೇತಿ ಮತ್ತು ಕ್ರೀಡಾಂಗಣದ ಬಾಡಿಗೆ ಮಾಲೀಕನ ವೆಚ್ಚಗಳು. ಟಿಕೆಟ್ ಮಾರಾಟ, ಪ್ರಾಯೋಜಕತ್ವ, ತಂಡದ ಚಿಹ್ನೆಯುಳ್ಳ ಉಡುಪುಗಳ ಮಾರಾಟ ಮತ್ತು ದೂರದರ್ಶನ ಪ್ರಸಾರದ ಹಕ್ಕಿನಲ್ಲಿ ದೊರೆಯುವ ಪಾಲು ಅವನ ಆದಾಯಗಳು.

ಈ ಪದ್ಧತಿಯಲ್ಲಿ ತಂಡದ ಹೆಸರಿನಲ್ಲಿ ನಗರವಿದ್ದರೂ ತಂಡದ ಒಡೆತನದಲ್ಲಿ ನಗರಕ್ಕೆ ಪಾಲಿರುವುದಿಲ್ಲ. ಕಾನೂನಿನ ದೃಷ್ಟಿಯಿಂದ ನಗರ ಮತ್ತು ತಂಡಗಳನ್ನು ಜೋಡಿಸುವ ಮುಖ್ಯ ಎಳೆಗಳು ಎರಡು: ಕ್ರೀಡಾಂಗಣದ ಗುತ್ತಿಗೆ ಪತ್ರ ಮತ್ತು ಲೀಗ್‌ನ ಅನುಮತಿ. ಇವೆರಡೂ ಕಳಚಿದ ದಿನ ತಂಡವು ಹೊರಡಬಹುದು. ಅಭಿಮಾನಿಗಳ ಪ್ರೀತಿ, ತಂಡದ ಹಿಂದಿನ ಸಾಧನೆ, ಊರಿನ ಹೆಮ್ಮೆ ಇವು ಯಾವುವೂ ಕರಾರಿನಲ್ಲಿ ಬರೆದಿರುವ ಷರತ್ತುಗಳಲ್ಲ.

ಸ್ಥಳಾಂತರದ ಕಾರಣಗಳು

ತಂಡವೊಂದು ಸೋಲುತ್ತಿದೆ ಎಂಬುದೊಂದೇ ಸ್ಥಳಾಂತರಕ್ಕೆ ಕಾರಣವಾಗುವುದು ಅಪರೂಪ. ಹೆಚ್ಚಿನ ಪ್ರಕರಣಗಳಲ್ಲಿ ಕೆಳಗಿನ ಕಾರಣಗಳು ಒಟ್ಟಾಗಿ ಕೆಲಸ ಮಾಡಿರುವುದು ಕಂಡುಬರುತ್ತದೆ.

ಕ್ರೀಡಾಂಗಣದ ಸಮಸ್ಯೆ: ಸ್ವಂತ ಅಥವಾ ದೀರ್ಘ ಗುತ್ತಿಗೆಯ ಕ್ರೀಡಾಂಗಣವಿಲ್ಲದ ತಂಡಕ್ಕೆ ವಾಹನ ನಿಲುಗಡೆ, ಉಪಾಹಾರ ಮಳಿಗೆ, ಜಾಹೀರಾತು ಫಲಕಗಳ ಆದಾಯವು ಪೂರ್ಣವಾಗಿ ದೊರೆಯುವುದಿಲ್ಲ. ಅಂಗಣವು ನಗರದ ಅಂಚಿನಲ್ಲಿದ್ದರೆ ಪ್ರೇಕ್ಷಕರ ಸಂಖ್ಯೆಯೂ ಕುಸಿಯುತ್ತದೆ.

ಮಾಲೀಕತ್ವದ ಅಸ್ಥಿರತೆ: ಮಾಲೀಕನ ಇತರ ಉದ್ಯಮಗಳು ನಷ್ಟಕ್ಕೀಡಾದಾಗ ತಂಡವೂ ಮಾರಾಟಕ್ಕೆ ಬರುತ್ತದೆ. ಹೊಸ ಮಾಲೀಕನು ಬೇರೆ ನಗರದವನಾಗಿದ್ದರೆ ತಂಡವನ್ನು ತನ್ನ ನಗರಕ್ಕೆ ಒಯ್ಯಲು ಬಯಸುವುದು ಸಹಜ.

ಕರೆನ್ಸಿಯ ಮೌಲ್ಯ: ಕೆನಡಾದ ತಂಡಗಳು ಟಿಕೆಟ್ ಹಣವನ್ನು ಕೆನಡಾದ ಡಾಲರ್‌ಗಳಲ್ಲಿ ಪಡೆದು ಆಟಗಾರರ ವೇತನವನ್ನು ಅಮೆರಿಕದ ಡಾಲರ್‌ಗಳಲ್ಲಿ ನೀಡಬೇಕಾಗಿತ್ತು. 1990ರ ದಶಕದಲ್ಲಿ ಕೆನಡಾದ ಡಾಲರ್ ದುರ್ಬಲವಾದಾಗ ಅಲ್ಲಿನ ಚಿಕ್ಕ ನಗರಗಳ ತಂಡಗಳು ಸಂಕಷ್ಟಕ್ಕೆ ಸಿಲುಕಿದವು. 1995ರಲ್ಲಿ ಕ್ವಿಬೆಕ್ ನಗರದ ತಂಡವು ಅಮೆರಿಕದ ಕೊಲರಾಡೋಗೆ ಹೋದುದಕ್ಕೆ ಇದು ಒಂದು ಕಾರಣ.

ದೂರದರ್ಶನದ ಮಾರುಕಟ್ಟೆ: ಜನಸಂಖ್ಯೆ ಹೆಚ್ಚಿರುವ, ಆದರೆ ಆಟದ ಪರಂಪರೆಯಿಲ್ಲದ ನಗರಗಳಲ್ಲಿ ತಂಡಗಳನ್ನು ನೆಲೆಗೊಳಿಸಿದರೆ ಪ್ರಸಾರದ ವ್ಯಾಪ್ತಿ ಹಿಗ್ಗುತ್ತದೆ ಎಂಬುದು ಲೀಗ್‌ಗಳ ಲೆಕ್ಕಾಚಾರ. ಈ ಲೆಕ್ಕಾಚಾರದಿಂದಲೇ ಐಸ್ ಹಾಕಿಯು ಅಮೆರಿಕದ ಮರುಭೂಮಿಯನ್ನೂ ತಲುಪಿತು.

ಕಯೋಟೀಸ್ ಪ್ರಕರಣ

ಕೆನಡಾದ ವಿನಿಪೆಗ್ ನಗರದಲ್ಲಿ 1972ರಲ್ಲಿ ಸ್ಥಾಪನೆಯಾದ ಜೆಟ್ಸ್ ತಂಡವು 1979ರಲ್ಲಿ ನ್ಯಾಷನಲ್ ಹಾಕಿ ಲೀಗ್ ಅನ್ನು ಸೇರಿತು. ಹಳೆಯ ಕ್ರೀಡಾಂಗಣ, ಏರುತ್ತಿದ್ದ ವೇತನ ಹಾಗೂ ದುರ್ಬಲ ಕರೆನ್ಸಿಯ ಕಾರಣದಿಂದ ತಂಡವು 1996ರಲ್ಲಿ ಅರಿಜೋನಾದ ಫೀನಿಕ್ಸ್ ನಗರಕ್ಕೆ ಹೋಗಿ ಫೀನಿಕ್ಸ್ ಕಯೋಟೀಸ್ ಎಂಬ ಹೆಸರು ಪಡೆಯಿತು. ಕಯೋಟಿ ಎಂಬುದು ಉತ್ತರ ಅಮೆರಿಕದಲ್ಲಿ ಕಂಡುಬರುವ, ತೋಳದ ಜಾತಿಗೆ ಸೇರಿದ ಪ್ರಾಣಿ.

ಫೀನಿಕ್ಸ್‌ನಲ್ಲಿ ತಂಡಕ್ಕೆ ದೊರೆತ ಅಂಗಣವು ಬ್ಯಾಸ್ಕೆಟ್‌ಬಾಲ್ ಆಟಕ್ಕಾಗಿ ನಿರ್ಮಿಸಿದ್ದಾಗಿತ್ತು. ಅದರ ಕೆಲವು ಆಸನಗಳಿಂದ ಹಿಮದಂಗಣವು ಪೂರ್ಣವಾಗಿ ಕಾಣುತ್ತಿರಲಿಲ್ಲ. 2003ರ ಡಿಸೆಂಬರ್‌ನಲ್ಲಿ ತಂಡವು ನಗರದ ಪಶ್ಚಿಮಕ್ಕಿರುವ ಗ್ಲೆಂಡೇಲ್‌ಗೆ ಹೋಯಿತು. ಅಲ್ಲಿನ ನಗರಸಭೆಯು ಸುಮಾರು 18 ಕೋಟಿ ಡಾಲರ್ ಸಾರ್ವಜನಿಕ ಹಣವನ್ನು ತೊಡಗಿಸಿ ಹೊಸ ಅಂಗಣವನ್ನು ಕಟ್ಟಿಸಿತ್ತು. ಆದರೆ ತಂಡದ ಅಭಿಮಾನಿಗಳಲ್ಲಿ ಅನೇಕರು ಮಹಾನಗರದ ಪೂರ್ವ ಭಾಗದಲ್ಲಿ ವಾಸವಾಗಿದ್ದು, ಕೆಲಸದ ದಿನಗಳ ಸಂಜೆ ಅಷ್ಟು ದೂರ ಹೋಗಿ ಬರುವುದು ಅವರಿಗೆ ಪ್ರಯಾಸಕರವಾಗಿತ್ತು.

2009ರ ಮೇ 5ರಂದು ಅಂದಿನ ಮಾಲೀಕ ಜೆರ್ರಿ ಮೋಯೆಸ್ ತಂಡವನ್ನು ದಿವಾಳಿ ನ್ಯಾಯಾಲಯಕ್ಕೆ ಒಯ್ದರು. ಕೆನಡಾದ ಉದ್ಯಮಿ ಜಿಮ್ ಬಾಲ್ಸಿಲಿ 21.25 ಕೋಟಿ ಡಾಲರ್‌ಗೆ ತಂಡವನ್ನು ಕೊಳ್ಳಲು ಮುಂದಾದರು. ತಂಡವನ್ನು ಕೆನಡಾದ ಹ್ಯಾಮಿಲ್ಟನ್ ನಗರಕ್ಕೆ ಒಯ್ಯಲು ಅವಕಾಶವಿರಬೇಕು ಎಂಬುದು ಅವರ ಷರತ್ತು. ಹ್ಯಾಮಿಲ್ಟನ್ ನಗರವು ಟೊರಾಂಟೋ ಮತ್ತು ಬಫೆಲೋ ತಂಡಗಳ ನೆಲೆಗಳಿಗೆ ಸಮೀಪದಲ್ಲಿದೆ. ಮಾಲೀಕರು ಯಾರಾಗಬೇಕು, ತಂಡ ಎಲ್ಲಿ ಆಡಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರ ತನ್ನದೇ ಎಂದು ಲೀಗ್ ವಾದಿಸಿತು. ನ್ಯಾಯಾಧೀಶ ರೆಡ್‌ಫೀಲ್ಡ್ ಬಾಮ್ ಅವರು ಬಾಲ್ಸಿಲಿ ಅವರ ಪ್ರಸ್ತಾವವನ್ನು ತಿರಸ್ಕರಿಸಿದರು. ಅದೇ ವರ್ಷದ ನವೆಂಬರ್‌ನಲ್ಲಿ ಲೀಗ್ ತಾನೇ 14 ಕೋಟಿ ಡಾಲರ್‌ಗೆ ತಂಡವನ್ನು ಕೊಂಡುಕೊಂಡಿತು.

ತಂಡವನ್ನು ಉಳಿಸಿಕೊಳ್ಳುವ ಸಲುವಾಗಿ ಗ್ಲೆಂಡೇಲ್ ನಗರಸಭೆಯು ಎರಡು ಋತುಗಳಿಗೆ ತಲಾ 2.5 ಕೋಟಿ ಡಾಲರ್ ನೀಡಲು ಒಪ್ಪಿತು. ಸುಮಾರು ಎರಡೂಕಾಲು ಲಕ್ಷ ಜನಸಂಖ್ಯೆಯ ಊರಿಗೆ ಇದು ಭಾರವಾದ ಮೊತ್ತ. ಒಂದೆಡೆ ಅಂಗಣಕ್ಕಾಗಿ ಮಾಡಿದ ಸಾಲ ತೀರಬೇಕಿತ್ತು. ಇನ್ನೊಂದೆಡೆ ತಂಡ ಹೊರಟುಹೋದರೆ ಅಂಗಣ ಬರಿದಾಗಿ ಸಾಲ ಮಾತ್ರ ಉಳಿಯುತ್ತಿತ್ತು. ಈ ಇಕ್ಕಟ್ಟಿನ ನಡುವೆಯೇ, ಸ್ವಂತ ಮಾಲೀಕನಿಲ್ಲದ ತಂಡವು 2012ರಲ್ಲಿ ಪಶ್ಚಿಮ ವಿಭಾಗದ ಅಂತಿಮ ಸರಣಿಯವರೆಗೆ ತಲುಪಿ ಲಾಸ್ ಏಂಜಲೀಸ್ ಕಿಂಗ್ಸ್‌ಗೆ ಸೋತಿತು.

2013ರಲ್ಲಿ ಹೊಸ ಮಾಲೀಕರು ಬಂದಾಗ ನಗರಸಭೆಯು ಅಂಗಣದ ನಿರ್ವಹಣೆಗಾಗಿ 15 ವರ್ಷಗಳ ಕಾಲ ವರ್ಷಕ್ಕೆ 1.5 ಕೋಟಿ ಡಾಲರ್ ನೀಡುವ ಕರಾರನ್ನು 4-3 ಮತಗಳಿಂದ ಅಂಗೀಕರಿಸಿತು. 2014ರಲ್ಲಿ ತಂಡದ ಹೆಸರು ಅರಿಜೋನಾ ಕಯೋಟೀಸ್ ಎಂದಾಯಿತು. 2015ರ ಜೂನ್‌ನಲ್ಲಿ ನಗರಸಭೆಯೇ ಆ ಕರಾರನ್ನು ರದ್ದುಗೊಳಿಸಲು ಮತ ಹಾಕಿತು. ಬಳಿಕ ಅಲ್ಪಾವಧಿಯ ಗುತ್ತಿಗೆಗಳ ಮೇಲೆ ತಂಡವು ಅಲ್ಲಿ ಮುಂದುವರಿಯಿತು. 2021ರ ಆಗಸ್ಟ್‌ನಲ್ಲಿ, ಮುಂದಿನ ಋತುವಿನ ಬಳಿಕ ಗುತ್ತಿಗೆಯನ್ನು ನವೀಕರಿಸುವುದಿಲ್ಲವೆಂದು ನಗರಸಭೆ ಪ್ರಕಟಿಸಿತು.

2022ರಿಂದ ತಂಡವು ಟೆಂಪೆ ನಗರದ ವಿಶ್ವವಿದ್ಯಾಲಯವೊಂದರ ಅಂಗಣದಲ್ಲಿ ಆಡತೊಡಗಿತು. ಅದರ ಸಾಮರ್ಥ್ಯ ಸುಮಾರು 4,600 ಆಸನಗಳು. ಲೀಗ್‌ನ ಇತರ ಅಂಗಣಗಳಲ್ಲಿ ಹೆಚ್ಚಿನವು 17,000ಕ್ಕಿಂತ ಅಧಿಕ ಆಸನಗಳುಳ್ಳವು. ಟೆಂಪೆಯಲ್ಲಿ 210 ಕೋಟಿ ಡಾಲರ್ ವೆಚ್ಚದ ಅಂಗಣ ಮತ್ತು ವಾಣಿಜ್ಯ ಸಂಕೀರ್ಣವನ್ನು ನಿರ್ಮಿಸುವ ಯೋಜನೆಯನ್ನು 2023ರ ಮೇ 16ರ ಜನಮತಗಣನೆಯಲ್ಲಿ ಮತದಾರರು ತಿರಸ್ಕರಿಸಿದರು.

2024ರ ಏಪ್ರಿಲ್ 17ರಂದು ಕಯೋಟೀಸ್ ತನ್ನ ಕೊನೆಯ ಪಂದ್ಯವನ್ನಾಡಿ ಎಡ್ಮಂಟನ್ ತಂಡವನ್ನು 5-2 ಗೋಲುಗಳಿಂದ ಸೋಲಿಸಿತು. ಮರುದಿನ ಲೀಗ್‌ನ ಮಂಡಳಿಯು 120 ಕೋಟಿ ಡಾಲರ್‌ಗಳ ವ್ಯವಹಾರಕ್ಕೆ ಒಪ್ಪಿಗೆ ನೀಡಿತು. ಆಟಗಾರರು ಮತ್ತು ತರಬೇತುದಾರರು ಉದ್ಯಮಿ ರಯಾನ್ ಸ್ಮಿತ್ ಅವರ ಹೊಸ ತಂಡಕ್ಕೆ ಸೇರಿ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಗೆ ತೆರಳಿದರು. ಆ ತಂಡವು ಈಗ ಯೂಟಾ ಮ್ಯಾಮತ್ ಎಂಬ ಹೆಸರಿನಲ್ಲಿ ಆಡುತ್ತಿದೆ. ಹೀಗೆ 1996ರಲ್ಲಿ ಫೀನಿಕ್ಸ್ ಪಡೆದುದನ್ನು 28 ವರ್ಷಗಳ ಬಳಿಕ ಕಳೆದುಕೊಂಡಿತು.

ತಂಡವನ್ನು ಕಳೆದುಕೊಂಡ ವಿನಿಪೆಗ್ ಕೂಡ ಈ ಕಥೆಯ ಭಾಗವೇ. 2011ರ ಮೇ 31ರಂದು ಅಟ್ಲಾಂಟಾ ಥ್ರ್ಯಾಶರ್ಸ್ ತಂಡವನ್ನು ಕೊಂಡ ಸಂಸ್ಥೆಯು ಅದನ್ನು ವಿನಿಪೆಗ್‌ಗೆ ತಂದು ಜೆಟ್ಸ್ ಎಂಬ ಹಳೆಯ ಹೆಸರನ್ನೇ ಇಟ್ಟಿತು. ಇಡೀ ಋತುವಿಗೆ ಅನ್ವಯಿಸುವ 13,000 ಟಿಕೆಟ್‌ಗಳು ಕೆಲವೇ ದಿನಗಳಲ್ಲಿ ಮಾರಾಟವಾದವು. ಅಟ್ಲಾಂಟಾ ಮಾತ್ರ ಎರಡನೆಯ ಬಾರಿ ತಂಡವನ್ನು ಕಳೆದುಕೊಂಡಿತು. ಅಲ್ಲಿನ ಹಿಂದಿನ ತಂಡವು 1980ರಲ್ಲಿ ಕೆನಡಾದ ಕ್ಯಾಲ್ಗರಿಗೆ ಹೋಗಿತ್ತು.

ಭಾರತದ ವೃತ್ತಿಪರ ಹಾಕಿ

ಭಾರತದಲ್ಲಿ ನಗರಗಳ ಹೆಸರಿನ ಹಾಕಿ ತಂಡಗಳು ಮೂರು ಲೀಗ್‌ಗಳಲ್ಲಿ ಕಾಣಿಸಿಕೊಂಡವು.

ಪ್ರೀಮಿಯರ್ ಹಾಕಿ ಲೀಗ್ 2005ರಲ್ಲಿ ಆರಂಭವಾಯಿತು. ತಂಡಗಳಿಗೆ ಹೈದರಾಬಾದ್, ಬೆಂಗಳೂರು, ಚೆನ್ನೈ, ಚಂಡೀಗಢ ಮುಂತಾದ ನಗರಗಳ ಹೆಸರುಗಳಿದ್ದರೂ ಪಂದ್ಯಗಳು ಆಯ್ದ ಒಂದೆರಡು ನಗರಗಳಲ್ಲಿ ನಡೆಯುತ್ತಿದ್ದವು. 2008ರ ಋತುವಿನಲ್ಲಿ ಬೆಂಗಳೂರು ಹೈ-ಫ್ಲೈಯರ್ಸ್ ಪ್ರಶಸ್ತಿ ಗೆದ್ದಿತು. ಅದೇ ವರ್ಷದ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೋದಲ್ಲಿ ಭಾರತ ತಂಡವು ಒಲಿಂಪಿಕ್ ಅರ್ಹತಾ ಪಂದ್ಯದಲ್ಲಿ ಸೋತಿತು. ಏಪ್ರಿಲ್‌ನಲ್ಲಿ ಭಾರತೀಯ ಹಾಕಿ ಫೆಡರೇಷನ್ ಅಮಾನತುಗೊಂಡಿತು. ಆ ಬಳಿಕ ಲೀಗ್ ನಡೆಯಲಿಲ್ಲ. ಪ್ರಶಸ್ತಿ ಗೆದ್ದ ತಂಡಕ್ಕೆ ಅದನ್ನು ಉಳಿಸಿಕೊಳ್ಳಲು ಮತ್ತೊಂದು ಋತುವೇ ದೊರೆಯಲಿಲ್ಲ.

ವರ್ಲ್ಡ್ ಸೀರೀಸ್ ಹಾಕಿಯು 2012ರ ಫೆಬ್ರವರಿ 29ರಿಂದ ಏಪ್ರಿಲ್ 2ರವರೆಗೆ ಎಂಟು ತಂಡಗಳೊಂದಿಗೆ ನಡೆಯಿತು. ಇದರಲ್ಲಿ ಕರ್ನಾಟಕ ಲಯನ್ಸ್ ಎಂಬ ತಂಡವಿತ್ತು. ಅರ್ಜುನ್ ಹಾಲಪ್ಪ ಅದರ ನಾಯಕರಾಗಿದ್ದರು. ಪ್ರತಿ ತಂಡವೂ ತನ್ನ ಊರಿನಲ್ಲಿ ಹಾಗೂ ಎದುರಾಳಿಯ ಊರಿನಲ್ಲಿ ಆಡುವ ವ್ಯವಸ್ಥೆ ಇದ್ದುದರಿಂದ ಬೆಂಗಳೂರಿನ ಪ್ರೇಕ್ಷಕರಿಗೆ ತಮ್ಮ ತಂಡವನ್ನು ತಮ್ಮ ಅಂಗಣದಲ್ಲಿಯೇ ಕಾಣುವ ಅವಕಾಶ ದೊರೆಯಿತು. ಆದರೆ ಈ ಲೀಗ್‌ಗೆ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್‌ನ ಮಾನ್ಯತೆ ಇರಲಿಲ್ಲ. ಎರಡನೆಯ ಋತುವು ಮುಂದೂಡಲ್ಪಟ್ಟು ಕೊನೆಗೂ ನಡೆಯಲಿಲ್ಲ. ಕರ್ನಾಟಕ ಲಯನ್ಸ್ ತಂಡದ ಆಯುಷ್ಯವು ಆ ಒಂದೇ ಋತುವಿಗೆ ಮುಗಿಯಿತು.

ಹಾಕಿ ಇಂಡಿಯಾ ಲೀಗ್ 2013ರ ಜನವರಿಯಲ್ಲಿ ದೆಹಲಿ, ಪಂಜಾಬ್, ಮುಂಬೈ, ರಾಂಚಿ ಮತ್ತು ಉತ್ತರ ಪ್ರದೇಶದ ಐದು ತಂಡಗಳೊಂದಿಗೆ ಆರಂಭವಾಯಿತು. 2014ರಲ್ಲಿ ಒಡಿಶಾದ ಕಳಿಂಗ ಲ್ಯಾನ್ಸರ್ಸ್ ಸೇರಿಕೊಂಡಿತು. ಮೊದಲ ಋತುವಿನಲ್ಲಿ ಪ್ರಶಸ್ತಿ ಗೆದ್ದ ರಾಂಚಿ ರೈನೋಸ್ ತಂಡವೇ 2014ರ ಬಳಿಕ ಹಿಂದೆ ಸರಿಯಿತು. 2015ರಲ್ಲಿ ಅದೇ ನಗರದ ಹೆಸರಿನಲ್ಲಿ, ಬೇರೆ ಮಾಲೀಕರೊಂದಿಗೆ ರಾಂಚಿ ರೇಸ್ ಎಂಬ ತಂಡ ಬಂದು ಪ್ರಶಸ್ತಿಯನ್ನೂ ಗೆದ್ದಿತು. ಮುಂಬೈಯಲ್ಲಿಯೂ ಮ್ಯಾಜಿಶಿಯನ್ಸ್ ಸ್ಥಾನಕ್ಕೆ ದಬಂಗ್ ಮುಂಬೈ ಬಂದಿತು. ಇಲ್ಲಿ ಸಂಭವಿಸಿದ್ದು ಅಮೆರಿಕದ ಕ್ರಮಕ್ಕೆ ವಿರುದ್ಧವಾದುದು. ಅಲ್ಲಿ ತಂಡ ಉಳಿದು ಊರು ಬದಲಾಗುತ್ತದೆ. ಇಲ್ಲಿ ಊರು ಉಳಿದು ತಂಡ ಬದಲಾಯಿತು.

2017ರ ಬಳಿಕ ಲೀಗ್ ಸ್ಥಗಿತಗೊಂಡು 2024ರ ಡಿಸೆಂಬರ್ 28ರಂದು ಪುನರಾರಂಭವಾಯಿತು. ಪುರುಷರ ವಿಭಾಗದಲ್ಲಿ ಎಂಟು ತಂಡಗಳಿದ್ದವು. ಮಹಿಳೆಯರಿಗೂ ಪ್ರತ್ಯೇಕ ಲೀಗ್ ಆರಂಭವಾಯಿತು. ಹೈದರಾಬಾದ್, ತಮಿಳುನಾಡು, ಬಂಗಾಳ, ದೆಹಲಿಗಳ ಹೆಸರಿನ ತಂಡಗಳಿದ್ದರೂ ಆ ಋತುವಿನ ಪಂದ್ಯಗಳು ರೂರ್ಕೆಲಾ ಮತ್ತು ರಾಂಚಿಯಲ್ಲಿ ಮಾತ್ರ ನಡೆದವು. 2025ರ ಫೆಬ್ರವರಿ 1ರಂದು ರೂರ್ಕೆಲಾದಲ್ಲಿ ನಡೆದ ಪುರುಷರ ಅಂತಿಮ ಪಂದ್ಯದಲ್ಲಿ ಬಂಗಾಳದ ತಂಡವು ಹೈದರಾಬಾದ್ ತೂಫಾನ್ಸ್ ತಂಡವನ್ನು 4-3ರಿಂದ ಸೋಲಿಸಿತು. ಮುಂದಿನ ಋತುವಿಗೆ ಮೊದಲೇ ಉತ್ತರ ಪ್ರದೇಶದ ರುದ್ರಾಸ್ ತಂಡವು ಹಿಂದೆ ಸರಿದುದರಿಂದ ಆ ಸ್ಥಾನದ ತಂಡವನ್ನು ಲೀಗ್‌ನ ಆಡಳಿತ ಮಂಡಳಿಯೇ ವಹಿಸಿಕೊಳ್ಳಬೇಕಾಯಿತು. 2009ರಲ್ಲಿ ಕಯೋಟೀಸ್ ತಂಡವನ್ನು ಅಲ್ಲಿನ ಲೀಗ್ ಕೊಂಡುಕೊಂಡುದನ್ನು ಇದು ನೆನಪಿಸುತ್ತದೆ.

ಭಾರತದ ಇತರ ಕ್ರೀಡೆಗಳಲ್ಲಿ ನಿಜವಾದ ಸ್ಥಳಾಂತರದ ನಿದರ್ಶನಗಳಿವೆ. ಫುಟ್‌ಬಾಲ್‌ನಲ್ಲಿ ದೆಹಲಿ ಡೈನಮೋಸ್ ತಂಡವು 2019ರಲ್ಲಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್.ಸಿ. ಎಂದಾಯಿತು. ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್ ತಂಡವು ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ ದೊರೆಯದ ಕಾರಣ ತನ್ನ ತವರು ಪಂದ್ಯಗಳನ್ನು 2017ರಲ್ಲಿ ನಾಗಪುರದಲ್ಲಿಯೂ 2018ರಲ್ಲಿ ಪುಣೆಯಲ್ಲಿಯೂ ಆಡಿತು. ತವರಿನಿಂದ ದೂರವಿದ್ದ ಆ ಎರಡನೆಯ ಋತುವಿನಲ್ಲಿಯೇ ತಂಡವು ಪ್ರಶಸ್ತಿ ಗೆದ್ದುದು ಗಮನಾರ್ಹ. 2019ರಲ್ಲಿ ಅದು ಕಂಠೀರವಕ್ಕೆ ಮರಳಿತು.

ಕರ್ನಾಟಕದ ಸ್ಥಿತಿ

ಕರ್ನಾಟಕಕ್ಕೆ ಹಾಕಿಯ ದೀರ್ಘ ಪರಂಪರೆಯಿದೆ. ಕೊಡಗಿನಲ್ಲಿ 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟುಂಬದವರು ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಒಂದೊಂದು ಮನೆತನವೂ ಒಂದೊಂದು ತಂಡವಾಗಿ ಆಡುತ್ತದೆ. 2024ರ ಉತ್ಸವದಲ್ಲಿ 360 ಕುಟುಂಬಗಳು ನೋಂದಾಯಿಸಿಕೊಂಡಿದ್ದವು. ಇಲ್ಲಿ ತಂಡದ ಹೆಸರು ಮನೆತನದ ಹೆಸರೇ ಆದುದರಿಂದ ಮಾರಾಟ ಅಥವಾ ಸ್ಥಳಾಂತರದ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಬೆಂಗಳೂರಿನಲ್ಲಿ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಹೆಸರಿನ ಹಾಕಿ ಕ್ರೀಡಾಂಗಣವಿದೆ. ರಾಷ್ಟ್ರೀಯ ತಂಡಗಳ ತರಬೇತಿ ಶಿಬಿರಗಳು ನಗರದ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ನಡೆಯುತ್ತವೆ.

ಆದರೂ ಹಾಕಿ ಇಂಡಿಯಾ ಲೀಗ್‌ನ 2013ರಿಂದ 2017ರವರೆಗಿನ ಋತುಗಳಲ್ಲಾಗಲಿ 2024ರ ಪುನರಾರಂಭದಲ್ಲಾಗಲಿ ರಾಜ್ಯದ ಹೆಸರಿನ ತಂಡವಿರಲಿಲ್ಲ. ಕೊಡಗಿನವರಾದ ವಿ.ಆರ್. ರಘುನಾಥ್ ಉತ್ತರ ಪ್ರದೇಶ ವಿಜಾರ್ಡ್ಸ್ ಪರವಾಗಿಯೂ ಎಸ್.ವಿ. ಸುನಿಲ್ ಪಂಜಾಬ್ ವಾರಿಯರ್ಸ್ ಪರವಾಗಿಯೂ ಆಡಿದರು. ತಂಡವಿಲ್ಲದ ರಾಜ್ಯದಲ್ಲಿ ಆಟಗಾರರು ಬೆಳೆಯುವುದು ನಿಲ್ಲುವುದಿಲ್ಲ. ಆದರೆ ಅವರು ಬೇರೆ ಊರಿನ ಅಂಗಿ ಧರಿಸಬೇಕಾಗುತ್ತದೆ, ಊರಿನ ಮಕ್ಕಳು ಅವರ ಆಟವನ್ನು ಕಣ್ಣಾರೆ ಕಾಣುವ ಅವಕಾಶ ತಪ್ಪುತ್ತದೆ.

ತವರು ತಂಡ ಎಂಬ ಕಲ್ಪನೆಯ ಮಿತಿಯು ರಾಜಧಾನಿಯಿಂದ ದೂರವಿರುವ ಜಿಲ್ಲೆಗಳಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ. ರಾಯಚೂರು ನಗರದಿಂದ ಬೆಂಗಳೂರು ಸುಮಾರು 400 ಕಿ.ಮೀ. ದೂರದಲ್ಲಿದ್ದರೆ, ಹೈದರಾಬಾದ್ ಸುಮಾರು 200 ಕಿ.ಮೀ. ದೂರದಲ್ಲಿದೆ. 1956ರವರೆಗೆ ಈ ಜಿಲ್ಲೆಯು ಹೈದರಾಬಾದ್ ರಾಜ್ಯಕ್ಕೇ ಸೇರಿತ್ತು. ಹೀಗಾಗಿ ರಾಯಚೂರು, ದೇವದುರ್ಗ, ಮಾನ್ವಿಗಳ ಹಾಕಿ ಆಸಕ್ತರಿಗೆ 2024ರ ಲೀಗ್‌ನಲ್ಲಿ ಭೌಗೋಳಿಕವಾಗಿ ಅತ್ಯಂತ ಸಮೀಪದ ತಂಡ ಹೈದರಾಬಾದ್ ತೂಫಾನ್ಸ್. ಆದರೆ ಆ ತಂಡವೂ ಹೈದರಾಬಾದಿನಲ್ಲಿ ಆಡದೆ ದೂರದ ಒಡಿಶಾ ಮತ್ತು ಜಾರ್ಖಂಡ್‌ಗಳಲ್ಲಿ ಆಡಿತು. ಇಂತಹ ಪ್ರೇಕ್ಷಕನ ಪಾಲಿಗೆ ತವರು ಅಂಗಣವೆಂದರೆ ದೂರದರ್ಶನದ ಪರದೆಯೇ ಆಗಿದೆ.

ಪರಿಣಾಮಗಳು

ಸ್ಥಳಾಂತರದ ನೇರ ನಷ್ಟವು ಮಾಲೀಕನಿಗಿಂತ ಇತರರಿಗೆ ಹೆಚ್ಚು. ಮಾಲೀಕನು ತಂಡವನ್ನು ಮಾರಿ ಹಣ ಪಡೆಯಬಹುದು. ಅಂಗಣಕ್ಕೆ ಸಾಲ ಮಾಡಿದ ನಗರಸಭೆಗೆ ಸಾಲ ಉಳಿಯುತ್ತದೆ. ಪಂದ್ಯದ ದಿನಗಳನ್ನು ನಂಬಿದ ಟಿಕೆಟ್ ಕೌಂಟರಿನ ಸಿಬ್ಬಂದಿ, ಭದ್ರತಾ ಕಾವಲುಗಾರರು, ಉಪಾಹಾರ ಮಳಿಗೆಯವರು ಮತ್ತು ಸ್ವಚ್ಛತಾ ಕೆಲಸಗಾರರ ದುಡಿಮೆಗೆ ಧಕ್ಕೆಯಾಗುತ್ತದೆ. ತಂಡದೊಡನೆ ಊರಿಗೆ ಬಂದ ಮಕ್ಕಳ ತರಬೇತಿ ಕಾರ್ಯಕ್ರಮಗಳಿಗೂ ಆಸರೆ ತಪ್ಪುತ್ತದೆ. ಆಸ್ಟನ್ ಮ್ಯಾಥ್ಯೂಸ್ ಕಯೋಟೀಸ್ ಪರ ಆಡಿದವರಲ್ಲ. ಅರಿಜೋನಾದಲ್ಲಿ ಬೆಳೆದು, ಬಾಲ್ಯದಲ್ಲಿ ಆ ತಂಡದ ಆಟವನ್ನು ನೋಡಿ ಆಟ ಕಲಿತು, 2016ರಲ್ಲಿ ಟೊರಾಂಟೋ ತಂಡಕ್ಕೆ ಮೊದಲ ಆಯ್ಕೆಯಾದವರು. ಮರುಭೂಮಿಯ ಊರಿನಲ್ಲಿ ತಂಡವಿದ್ದುದರ ಫಲವು ಗೆಲುವು-ಸೋಲಿನ ಪಟ್ಟಿಯಲ್ಲಿ ಮಾತ್ರ ಕಾಣುವಂಥದ್ದಲ್ಲ ಎಂಬುದಕ್ಕೆ ಅವರು ನಿದರ್ಶನ.

ತಡೆಯುವ ಉಪಾಯಗಳು

ತಂಡಗಳು ಊರು ಬಿಡದಂತೆ ನೋಡಿಕೊಳ್ಳಲು ಕೆಲವೆಡೆ ಶಾಶ್ವತ ವ್ಯವಸ್ಥೆಗಳಿವೆ. ಅಮೆರಿಕದ ಫುಟ್‌ಬಾಲ್‌ನಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡವು 1923ರಿಂದ ಸಾರ್ವಜನಿಕ ಷೇರುದಾರರ ಒಡೆತನದಲ್ಲಿದ್ದು ಲಾಭ ಹಂಚದ ಸಂಸ್ಥೆಯಾಗಿದೆ. ಸುಮಾರು ಒಂದು ಲಕ್ಷ ಜನಸಂಖ್ಯೆಯ ಆ ಊರಿನಲ್ಲಿ ತಂಡವು ನೂರು ವರ್ಷಗಳಿಗೂ ಹೆಚ್ಚು ಕಾಲ ಉಳಿದಿದೆ. ಜರ್ಮನಿಯ ಫುಟ್‌ಬಾಲ್ ಸಂಘಗಳಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅರ್ಧಕ್ಕಿಂತ ಹೆಚ್ಚಿನ ಮತಾಧಿಕಾರವು ಸದಸ್ಯರ ಕೈಯಲ್ಲಿಯೇ ಇರಬೇಕೆಂಬ ನಿಯಮವಿದೆ. ದೀರ್ಘಾವಧಿಯ ಗುತ್ತಿಗೆ, ಅವಧಿಗೆ ಮುನ್ನ ಹೊರಟರೆ ದಂಡ, ಪ್ರಸಾರದ ಆದಾಯವನ್ನು ತಂಡಗಳ ನಡುವೆ ಹಂಚುವುದು ಇವು ಇತರ ಕ್ರಮಗಳು.

ಭಾರತದ ಹಾಕಿಯಲ್ಲಿ ಲೀಗ್‌ನ ನಿರಂತರತೆಯೇ ಇದಕ್ಕೆ ಮೊದಲ ಷರತ್ತು. 2005ರಿಂದೀಚೆಗೆ ಮೂರು ಬಾರಿ ಲೀಗ್‌ಗಳು ನಿಂತುಹೋದುದರಿಂದ ಯಾವ ತಂಡಕ್ಕೂ ಒಂದು ತಲೆಮಾರಿನ ಅಭಿಮಾನಿಗಳನ್ನು ಬೆಳೆಸಿಕೊಳ್ಳುವಷ್ಟು ಕಾಲಾವಕಾಶ ದೊರೆಯಲಿಲ್ಲ. ವಿನಿಪೆಗ್‌ನ ಜನರು 15 ವರ್ಷಗಳ ಬಳಿಕವೂ ಜೆಟ್ಸ್ ಎಂಬ ಹೆಸರನ್ನು ಮರಳಿ ಪಡೆಯಲು ಹಂಬಲಿಸಿದುದು ಆ ತಂಡವು ಅವರ ನಡುವೆ 24 ವರ್ಷಗಳ ಕಾಲ ಬಾಳಿದ್ದರಿಂದ. ಕರ್ನಾಟಕ ಲಯನ್ಸ್ ತಂಡಕ್ಕೆ ದೊರೆತದ್ದು ಐದು ವಾರಗಳು.